ಚಾಳಿನ ನೆರೆ ಮತ್ತು ಪತ್ತಿನ ಪ್ರಶ್ನೆ

ಮುಂಬಯಿಯ ಗಿರಗಾಂವದ ಹೆಸರೆತ್ತಿದೊಡನೆ ಮನಸ್ಸಿಗೆ ಬರುವುದು ಅಲ್ಲಿಯ ಜನಸಂದಣಿ. ಅದನ್ನು ರೋಗರುಜಿನಗಳ ಮೂಲವೆಂದು ಹಳಿದವರುಂಟು. ಕೂಡಿ ಬಾಳುವ ಸಂಸ್ಕೃತಿಯ ತವರೆಂದು ಕೊಂಡಾಡಿದವರೂ ಉಂಟು. ಇವೆರಡರ ನಡುವೆ ವಿಚಾರಿಸತಕ್ಕ ಮಾತು ಇನ್ನೊಂದಿದೆ. ಆ ಇಕ್ಕಟ್ಟು ಅದರಲ್ಲಿ ಬಾಳಿದವರಿಗೆ ಏನನ್ನು ಗಳಿಸಿಕೊಟ್ಟಿತು, ಮತ್ತು ಆ ಗಳಿಕೆ ಯಾರ ಪಾಲಿಗೆ ಬಂದಿತು?

ಮುಗಭಾಟ, ಫಣಸವಾಡಿ, ಠಾಕುರದ್ವಾರಗಳ ಓಣಿಗಳಲ್ಲಿ ನಿಂತ ಚಾಳಿನ ರಚನೆ ಸರಳವಾದುದು. ಮೂರು ನಾಲ್ಕು ಅಂತಸ್ತು. ಪ್ರತಿ ಅಂತಸ್ತಿಗೂ ಉದ್ದನೆಯ ಒಂದು ಗ್ಯಾಲರಿ. ಅದರ ಗುಂಟ ಸಾಲಾಗಿ ಖೋಲಿಗಳು. ಖೋಲಿಯ ಮೂಲೆಯಲ್ಲಿ ಒಂದು ಮೋರಿ. ನಳವೂ ಪಾಯಖಾನೆಯೂ ಎಲ್ಲರಿಗೂ ಸೇರಿದವು. ಇಂಥ ಮನೆಯಲ್ಲಿ ಯಾರ ಸ್ಥಿತಿಯೂ ಯಾರಿಗೂ ಮರೆಯಾಗಿರಲಾರದು. ಯಾರ ಸಂಬಳ ಯಾವ ದಿನ ಬರುತ್ತದೆ, ಯಾರ ಒಲೆ ತಡವಾಗಿ ಹೊತ್ತಿತು, ಯಾರ ಕೈಬಳೆ ಕಾಣೆಯಾಗಿದೆ ಎಂಬುದನ್ನೆಲ್ಲ ಗ್ಯಾಲರಿ ಬಲ್ಲದು. ಸಾಲ ಕೊಡುವವನು ಮೊದಲು ಕೇಳುವ ಪ್ರಶ್ನೆಗಳೂ ಇವೇ ಅಲ್ಲವೆ?

ಕನ್ನಡ ನಾಡಿನ ಕರಾವಳಿಗೂ ಈ ಓಣಿಗಳಿಗೂ ನಂಟು ಬೆಳೆಯಲು ಆಡಳಿತದ ಕಾರಣವೊಂದಿತ್ತು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಅಂದಿನಿಂದ ಕಾರವಾರ, ಕುಮಟೆ, ಹೊನ್ನಾವರಗಳ ತರುಣರಿಗೆ ಉಚ್ಚ ಶಿಕ್ಷಣಕ್ಕೂ ಸರಕಾರಿ ನೌಕರಿಗೂ ಮುಂಬಯಿಯೇ ರಾಜಧಾನಿ. ಹೀಗೆ ಬಂದವರಲ್ಲಿ ಮನೆಯಲ್ಲಿ ಕೊಂಕಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತ ಚಿತ್ರಾಪುರ ಸಾರಸ್ವತರು ಗಣನೀಯರು. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಇಡೀ ನಗರವನ್ನು ನಡುಗಿಸಿತು. 1898ರಲ್ಲಿ ನಗರ ಸುಧಾರಣೆಗೆಂದೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅಂಥ ಕಾಲದಲ್ಲಿ ಊರಿನ ಹೊಲಮನೆಗಳಿಂದ ದೂರವಾದ ಗುಮಾಸ್ತನು ಕಾಯಿಲೆಗೋ ಮದುವೆಗೋ ಹಣ ಬೇಕಾದಾಗ ಒತ್ತೆಯಿಡಲು ಏನನ್ನು ತಂದಾನು? ಅವನಿಗಿದ್ದುದು ಸಂಬಳ ಮತ್ತು ನಾಲ್ಕು ಜನರ ಪರಿಚಯ.

1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಈ ಪರಿಚಯಕ್ಕೇ ಬೆಲೆ ಕಟ್ಟಿತು. ಸಂಘದ ಸದಸ್ಯರು ಒಂದೇ ಊರಿನ ನಿವಾಸಿಗಳಾಗಿರಬೇಕು, ಇಲ್ಲವೆ ನಿಬಂಧಕರ ಒಪ್ಪಿಗೆಯಿಂದ ಒಂದೇ ಜಾತಿ ಅಥವಾ ವರ್ಗದವರಾಗಿರಬೇಕು ಎಂದು ಅದು ಎರಡು ಬಾಗಿಲುಗಳನ್ನು ತೆರೆದಿಟ್ಟಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘಕ್ಕೆ ಊರೇ ಆಧಾರ. ಮರುವರ್ಷ, 1906ರಲ್ಲಿ, ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಮುಂಬಯಿಯಲ್ಲಿ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸ್ಥಾಪಿಸಿದ ಪತ್ತಿನ ಸಂಘಕ್ಕೆ ಸಮಾಜವೇ ಆಧಾರ. 1912ರ ಕಾಯಿದೆಯು ಪತ್ತಿನ ಹೊರತಾದ ಉದ್ದೇಶಗಳಿಗೂ ಅವಕಾಶ ಕೊಟ್ಟಾಗ ಅವರೇ 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ನಿಲ್ಲಿಸಿದರು. ಖೋಲಿಯ ಬಾಡಿಗೆದಾರನು ಮನೆಯ ಪಾಲುದಾರನಾದನು. ಇದು ಸಣ್ಣ ಸಾಧನೆಯಲ್ಲ.

ಆದರೆ ದಿನವೂ ನಳದ ಮುಂದೆ ಕೂಡಿ ನಿಲ್ಲುವ ನೆರೆಯನ್ನು ಬಿಟ್ಟು ನಗರದಲ್ಲಿ ಜಾತಿಯ ಬಾಗಿಲನ್ನೇ ಆರಿಸಿಕೊಂಡುದೇಕೆ? ನೆರೆಯ ಬಂಧ ದುರ್ಬಲವಾಗಿತ್ತೆನ್ನುವಂತಿಲ್ಲ. 1893ರಲ್ಲಿಯೇ ಗಿರಗಾಂವದ ಕೇಶವಜಿ ನಾಯಿಕ ಚಾಳಿನಲ್ಲಿ ಸಾರ್ವಜನಿಕ ಗಣೇಶೋತ್ಸವ ನಡೆದಿತ್ತು. ನೆರೆಯವರು ಗಣಪತಿಗೆ ವರ್ಗಣಿ ಕೂಡಿಸಬಲ್ಲರು, ತಿಂಗಳ ಭೀಶಿಯನ್ನೂ ನಡೆಸಬಲ್ಲರು. ಆದರೆ ವರ್ಷಗಟ್ಟಲೆ ತೀರಿಸುವ ಸಾಲದ ಮಾತು ಬೇರೆ. ಖೋಲಿ ಬಿಟ್ಟು ಹೋದ ಸಾಲಗಾರನನ್ನು ಗ್ಯಾಲರಿ ಎಲ್ಲಿ ಹುಡುಕೀತು? ಜಾತಿಯಾದರೋ ಅವನ ಊರು, ಮಠ, ಮದುವೆಯ ಸಂಬಂಧಗಳವರೆಗೂ ಹಿಂಬಾಲಿಸಬಲ್ಲದು. ನೆರೆಗೆ ಮನುಷ್ಯನ ಅರಿವಿತ್ತು, ಜಾತಿಗೆ ಅವನ ಮೇಲೆ ಹಿಡಿತವಿತ್ತು. ಪತ್ತಿಗೆ ಇವೆರಡೂ ಬೇಕು. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಬಲ್ಲವನಾಗಿ, ಆ ಹಿರಿಯರ ಆಯ್ಕೆಯನ್ನು ನಾನು ಸುಲಭವಾಗಿ ಆಕ್ಷೇಪಿಸಲಾರೆ.

ಆದರೂ ಅದರ ಬೆಲೆಯನ್ನು ತೆತ್ತವರಿದ್ದಾರೆ. ಹೋಟೆಲಿನ ಮೇಜುಗಳನ್ನು ಸರಿಸಿ ಅಲ್ಲಿಯೇ ಮಲಗುತ್ತಿದ್ದ ಕನ್ನಡ ಜಿಲ್ಲೆಯ ಹುಡುಗನಿಗೆ ಗ್ಯಾಲರಿಯೂ ಇರಲಿಲ್ಲ, ಬೊಕ್ಕಸವುಳ್ಳ ಸಮಾಜದ ಆಸರೆಯೂ ಇರಲಿಲ್ಲ. ಅವನಂಥವರ ಸಮಾಜಗಳು ತಮ್ಮ ತಮ್ಮ ಸಂಸ್ಥೆಗಳನ್ನು ಕಟ್ಟಿಕೊಳ್ಳುವವರೆಗೆ ಅವರು ಕಾಯಬೇಕಾಯಿತು. ಬಿಲ್ಲವರ ಸಂಘದ ಆಶ್ರಯದಲ್ಲಿ ಭಾರತ್ ಬ್ಯಾಂಕ್ ಹುಟ್ಟಿದ್ದು 1978ರಲ್ಲಿ, ತಲ್ಮಕಿಯವರ ಸಂಘ ಹುಟ್ಟಿ ಎಪ್ಪತ್ತೆರಡು ವರ್ಷಗಳ ಮೇಲೆ. ಪ್ರತಿಯೊಂದು ಸಮಾಜವೂ ಅದೇ ಮೆಟ್ಟಿಲನ್ನು ತಾನೇ ಕಡೆದುಕೊಳ್ಳಬೇಕಾಯಿತು.

ಇತಿಹಾಸದ ವ್ಯಂಗ್ಯವೊಂದು ಇಲ್ಲಿದೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಗಳನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನು ಖೋಲಿ ಬಿಟ್ಟು ಕದಲದಾದನು. ಒಂದೇ ಗ್ಯಾಲರಿಯಲ್ಲಿ ಎರಡು ಮೂರು ತಲೆಮಾರುಗಳು ಬಾಳಿದುವು. ನೆರೆಗೆ ಇಲ್ಲದಿದ್ದ ಹಿಡಿತ ಆಗ ತಾನಾಗಿ ಬಂದಿತು. ಆದರೆ ಅಷ್ಟರಲ್ಲಿ ಪತ್ತಿನ ಸಂಸ್ಥೆಗಳ ಅಚ್ಚು ಗಟ್ಟಿಯಾಗಿ ಹೋಗಿತ್ತು. ಇತ್ತ ಮಾಲೀಕರಿಗೆ ದುರಸ್ತಿಯ ಆಸಕ್ತಿ ಉಳಿಯಲಿಲ್ಲ. 1969ರಲ್ಲಿ ಸರಕಾರವೇ ದುರಸ್ತಿ ಮಂಡಳಿಗಾಗಿ ಕಾಯಿದೆ ಮಾಡಬೇಕಾಯಿತು. ಈಗ ಒಂದೊಂದಾಗಿ ಚಾಳುಗಳು ಉರುಳಿ ಗೋಪುರಗಳು ಏಳುತ್ತಿವೆ.

ಗೋಪುರದ ಮನೆಯಲ್ಲಿ ನಳವೂ ಬಾಗಿಲೂ ಸ್ವಂತದವು. ಸಾಲ ಕೇಳುವವನ ಯೋಗ್ಯತೆಯನ್ನು ಇಂದು ಒಂದು ಅಂಕಿ ಹೇಳುತ್ತದೆ. ಅವನ ಜಾತಿಯನ್ನಾಗಲಿ ನೆರೆಯನ್ನಾಗಲಿ ಅದು ಕೇಳುವುದಿಲ್ಲ. ಹಿಂದೆ ವರ್ತುಲದ ಹೊರಗುಳಿದವನಿಗೆ ಇದು ಲಾಭವೇ ಸರಿ. ಆದರೆ ಹಿಂದಿನ ಸಾಲದ ದಾಖಲೆಯಿಲ್ಲದವನ ವಿಷಯದಲ್ಲಿ ಆ ಅಂಕಿ ಮೂಕವಾಗಿದೆ. ಗ್ಯಾಲರಿಯಾದರೆ ಅವನ ಪರವಾಗಿ ಒಂದು ಮಾತು ಆಡೀತು. ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡ ನಮ್ಮಂಥವರು ನೆನೆಯಬೇಕಾದುದು ಇದನ್ನೇ. ತಲ್ಮಕಿಯವರ ತಲೆಮಾರು ಪರಿಚಯವನ್ನು ಬಂಡವಾಳವಾಗಿ ಮಾಡಿ ತೋರಿಸಿತು. ಆ ಪರಿಚಯವನ್ನು ಪಕ್ಕದ ಖೋಲಿಯವರೆಗೆ ಬೆಳೆಸುವ ಕೆಲಸವನ್ನು ಅದು ಮುಂದಿನವರಿಗೆ ಬಿಟ್ಟು ಹೋಯಿತು. ಆ ಬಾಕಿ ಇನ್ನೂ ತೀರಿಲ್ಲ.