ಎರಡನೆಯ ಅಗಲಿಕೆ

ಹೆತ್ತವರು ಸಾಕಲಾರದೆ ಬಿಟ್ಟು ಹೋದ ಕೂಸುಗಳು ಲಂಡನ್ನಿನ ಬೀದಿಗಳ ಬದಿಯಲ್ಲಿ ಬಿದ್ದಿರುವುದನ್ನು ಕಂಡು ಮನಮರುಗಿದ ಥಾಮಸ್ ಕೋರಮ್ ಎಂಬ ವೃದ್ಧ ನಾವಿಕ, ಹದಿನೇಳು ವರ್ಷಗಳ ಕಾಲ ಸಿರಿವಂತರ ಬಾಗಿಲುಗಳಿಗೆ ಅಲೆದು, 1739ರಲ್ಲಿ ಎರಡನೆಯ ಜಾರ್ಜ್ ದೊರೆಯಿಂದ ಸನ್ನದು ಪಡೆದು ಸ್ಥಾಪಿಸಿದ ಅನಾಥಾಲಯಕ್ಕೆ ಫೌಂಡ್ಲಿಂಗ್ ಹಾಸ್ಪಿಟಲ್ ಎಂದು ಹೆಸರು. 1741ರ ಮಾರ್ಚ್ ತಿಂಗಳಲ್ಲಿ ಮೊದಲ ಮಕ್ಕಳು ಒಳಗೆ ಬಂದುವು. ಇದ್ದ ಸ್ಥಳಕ್ಕಿಂತ ಬಂದ ತಾಯಂದಿರೇ ಹೆಚ್ಚಾದುದರಿಂದ, ಮರುವರ್ಷವೇ ಚೀಲದೊಳಗೆ ಕೈಯಿಕ್ಕಿ ಗೋಲಿಯೊಂದನ್ನು ಎತ್ತುವ ಪದ್ಧತಿ ಏರ್ಪಟ್ಟಿತು: ಬಿಳಿಯದು ಬಂದರೆ ಮಗು ಒಳಗೆ, ಕಪ್ಪಾದರೆ ಹಿಂದಕ್ಕೆ, ಕೆಂಪು ಬಂದವಳು, ಒಳಹೋದ ಕೂಸುಗಳಲ್ಲಿ ಯಾವುದಾದರೂ ರೋಗದ ಕಾರಣದಿಂದ ತಿರಸ್ಕೃತವಾದೀತೇ ಎಂದು ಹೊರಗೆ ಕಾದಿರಬೇಕು. ದಯೆಯನ್ನು ಹೀಗೆ ಜೂಜಿನ ಕೈಗೆ ಒಪ್ಪಿಸಿದವರು ಅದನ್ನು ಪರಮ ನ್ಯಾಯವೆಂದೇ ಭಾವಿಸಿದ್ದರು. 1756ರಲ್ಲಿ ಪಾರ್ಲಿಮೆಂಟು ಹಣ ಕೊಟ್ಟು, ಬಂದ ಶಿಶುವನ್ನೆಲ್ಲ ಸ್ವೀಕರಿಸಬೇಕೆಂದು ವಿಧಿಸಲು, ನಾಲ್ಕೇ ವರ್ಷಗಳಲ್ಲಿ ಸುಮಾರು 15,000 ಕೂಸುಗಳು ಬಂದು, ಅವುಗಳಲ್ಲಿ ಬಹುಪಾಲು ಮೃತ್ಯುವಶವಾದುವು.

ಒಳಗೆ ಬಂದ ಮಗುವಿಗೆ ಹೊಸ ಹೆಸರೂ ಒಂದು ಸಂಖ್ಯೆಯೂ ದೊರೆಯುತ್ತಿದ್ದುವು. ಹಳೆಯ ಹೆಸರು ಕಡತದಲ್ಲಿ ಮುಚ್ಚಿಹೋಗುತ್ತಿತ್ತು. ಮುಂದೆಂದಾದರೂ ಮರಳಿ ಪಡೆಯುವ ಆಸೆಯಿಂದ ತಾಯಿ ಒಂದು ಗುರುತನ್ನು ಬಿಡಬಹುದಾಗಿತ್ತು: ಅಕ್ಷರ ಕೊರೆದ ನಾಣ್ಯ, ಗುಂಡಿ, ರಿಬ್ಬನ್ನು, ಇಲ್ಲವೆ ಬಟ್ಟೆಯ ಒಂದು ತುಂಡು. 1767ರಲ್ಲಿ ಒಬ್ಬ ತಾಯಿ, ಚಿಂದಿಗಳನ್ನು ಜೋಡಿಸಿ ಹೊಲಿದು ಹೃದಯಾಕೃತಿಯನ್ನು ಕಸೂತಿ ಮಾಡಿದ್ದ ಪಟ್ಟಿಯೊಂದನ್ನು ನಡುವೆ ಕತ್ತರಿಸಿ, ಅರ್ಧವನ್ನು ಮಗುವಿನ ಕಾಗದಕ್ಕೆ ಸೇರಿಸಿ, ಉಳಿದರ್ಧವನ್ನು ಎಂಟು ವರ್ಷ ಕಾಪಾಡಿಕೊಂಡು, 1775ರಲ್ಲಿ ಬಂದು ಮಗನನ್ನು ಕರೆದೊಯ್ದಳು. ಅಂಥ ಪುಣ್ಯ ಕೆಲವರದು ಮಾತ್ರ. 1760ರವರೆಗೆ ಬಂದ 16,282 ಮಕ್ಕಳಲ್ಲಿ ಹಿಂದಿರುಗಿ ತಾಯ್ಮಡಿಲು ಸೇರಿದುವು 152.

ಇಂದು ಲಂಡನ್ನಿನ ಬ್ರನ್ಸ್‌ವಿಕ್ ಚೌಕದ ಸಂಗ್ರಹಾಲಯದಲ್ಲಿ ನೋಡುವವರ ಕಣ್ಣನ್ನು ಒದ್ದೆಮಾಡುವುವು ಈ ಗುರುತುಗಳೇ. ಆದರೆ ಮಗುವಿನ ಮನಸ್ಸಿನಲ್ಲಿ ಆಯುಷ್ಯಪರ್ಯಂತ ಉಳಿದ ಗಾಯ ಬೇರೊಂದು ಎಂದು ನನಗೆ ತೋರುತ್ತದೆ. ಅದಕ್ಕೆ ಯಾವ ಗುರುತೂ ಉಳಿದಿಲ್ಲ. ಸ್ವೀಕೃತವಾದ ಶಿಶುವನ್ನು ಒಡನೆಯೇ ಹಳ್ಳಿಯ ದಾದಿಯೊಬ್ಬಳಿಗೆ ಒಪ್ಪಿಸುತ್ತಿದ್ದರು. ಅವಳ ಹಾಲು ಕುಡಿದು, ಅವಳ ಮಕ್ಕಳೊಡನೆ ಉಂಡು ಮಲಗಿ, ಅವಳನ್ನೇ ಅವ್ವನೆಂದು ಕರೆದು ಬೆಳೆದ ಆ ಮಗುವನ್ನು, ಐದು ವರ್ಷಗಳ ಆಸುಪಾಸಿನಲ್ಲಿ, ಸಂಸ್ಥೆ ಹಿಂದಕ್ಕೆ ಕರೆಸಿಕೊಳ್ಳುತ್ತಿತ್ತು. ಕುಂತಿ ತೊರೆದ ಕರ್ಣನಿಗೆ ರಾಧೆಯಾದರೂ ಕಡೆಯವರೆಗೆ ದಕ್ಕಿದಳು. ಈ ಮಕ್ಕಳಿಂದ ರಾಧೆಯನ್ನೂ ಕಿತ್ತುಕೊಂಡರು. ಬಿಟ್ಟುಕೊಡಲಾರದ ಕೆಲವು ದಾದಿಯರು, ಮಗುವನ್ನು ಕಸುಬು ಕಲಿಯುವ ಆಳಾಗಿಯಾದರೂ ತಮ್ಮಲ್ಲೇ ಇರಿಸಬೇಕೆಂದು ಬೇಡಿಕೊಂಡದ್ದುಂಟು.

ಮರಳಿದ ಮಗುವಿಗೆ ಕಂದುಬಣ್ಣದ ಸಮವಸ್ತ್ರ, ಗಂಟೆಗೆ ತಕ್ಕ ಊಟ ನಿದ್ರೆ, ಸಾಲುಮಂಚಗಳ ದೊಡ್ಡ ಕೊಠಡಿ. ಕಲೆಗೇನೂ ಕೊರತೆಯಿರಲಿಲ್ಲ: ಚಿತ್ರಕಾರ ಹೋಗಾರ್ತನು ಚಿತ್ರ ಕೊಟ್ಟನು, ಸಂಗೀತಕಾರ ಹ್ಯಾಂಡೆಲನು 1750ರಿಂದ ತನ್ನ ‘ಮೆಸ್ಸೈಯಾ’ ಕೃತಿಯನ್ನು ಅಲ್ಲಿಯ ಪ್ರಾರ್ಥನಾಮಂದಿರದಲ್ಲಿ ನಡೆಸಿ ಧನ ಕೂಡಿಸಿದನು, ಭಾನುವಾರಗಳಲ್ಲಿ ಕುಲೀನ ಸ್ತ್ರೀಪುರುಷರು ಬಂದು ಮಕ್ಕಳು ಉಣ್ಣುವುದನ್ನು ನೋಡಿ ಸಂತೋಷಪಡುತ್ತಿದ್ದರು. ಆ ಸಂತೋಷದ ಜಾತಿ ಎಂಥದೆಂದು ಓದುಗರೇ ಊಹಿಸಿಕೊಳ್ಳಲಿ. ಮುಂದೆ ಹೆಣ್ಣುಮಕ್ಕಳಿಗೆ ಮನೆಗೆಲಸ. ಗಂಡುಮಕ್ಕಳಿಗೆ ಮೊದಮೊದಲು ಹಡಗು ಇಲ್ಲವೆ ಹೊಲ, ಆಮೇಲೆ ಸೇನೆಯ ವಾದ್ಯತಂಡ.

ಸಂಸ್ಥೆ 1926ರಲ್ಲಿ ಲಂಡನ್ನನ್ನು ಬಿಟ್ಟು, 1935ರಲ್ಲಿ ಬರ್ಕ್‌ಹ್ಯಾಮ್‌ಸ್ಟೆಡ್ಡಿನ ಹೊಸ ಕಟ್ಟಡಗಳಿಗೆ ಸಾಗಿದರೂ ಮಗುವನ್ನು ದಾದಿಯಿಂದ ಅಗಲಿಸುವ ಈ ಕ್ರಮ ತಪ್ಪಲಿಲ್ಲ. ಕೊನೆಯ ತಲೆಮಾರಿನವರು ಮುಪ್ಪಿನಲ್ಲಿ ಹೇಳಿ ದಾಖಲಿಸಿದ ನೆನಪುಗಳಲ್ಲಿ ಹೊಟ್ಟೆಗಿಲ್ಲದ ದುಃಖಕ್ಕಿಂತ, ಮುದ್ದಿಸುವವರಿಲ್ಲದ ಬಾಲ್ಯ, ಸಾಕಿದವಳು ಅವ್ವನಲ್ಲವೆಂದು ತಿಳಿದ ದಿನದ ದಿಗ್ಭ್ರಮೆ, ಮುಂದೆ ತಮ್ಮ ಮಕ್ಕಳನ್ನೇ ಅಪ್ಪಿಕೊಳ್ಳಲು ತೋರಿದ ಸಂಕೋಚ, ಇವೇ ಮುಂದಾಗಿ ಬರುತ್ತವೆ. ಬ್ರಿಟನ್ನಿನ 1948ರ ಮಕ್ಕಳ ಕಾಯಿದೆಯಾಗಲಿ, ತಾಯಿಯಿಂದ ಅಗಲಿದ ಶಿಶುವಿನ ಮನಸ್ಸನ್ನು ಕುರಿತು ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಾಗಲಿ, ಹಳ್ಳಿಯ ಆ ದಾದಿಯರು ಇನ್ನೂರು ವರ್ಷಗಳಿಂದ ಅರಿತಿದ್ದುದನ್ನೇ ಸರ್ಕಾರದ ಭಾಷೆಗೆ ತಂದುವು. 1954ರಲ್ಲಿ ವಸತಿಶಾಲೆ ಮುಚ್ಚಿತು. ಅಲ್ಲಿಂದ ಮುಂದೆ ಸಂಸ್ಥೆಯ ಮಕ್ಕಳು ಸಾಕುಮನೆಗಳಲ್ಲಿಯೇ ಬೆಳೆದರು.