ತಲೆಪೆಟ್ಟು: ಅಡಿಕೆ ಸೀಮೆಯ ಗಾಯ, ಕಾನೂನಿನ ಲೆಕ್ಕ

ಹೊರಗಿನ ಹೊಡೆತದಿಂದ ಮಿದುಳಿಗೆ ಆಗುವ ಗಾಯವೇ ತಲೆಪೆಟ್ಟು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅದು ಬರುವುದು ಮುಖ್ಯವಾಗಿ ಎರಡು ಕಡೆಯಿಂದ: ರಸ್ತೆಯಿಂದ, ಮರದಿಂದ. ಮಾಣಿ–ಮೈಸೂರು ಹೆದ್ದಾರಿ ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿ ಶಿರಾಡಿ ಇಳಿದು ನೆಲ್ಯಾಡಿ, ಉಪ್ಪಿನಂಗಡಿ ಹಾಯುತ್ತದೆ. ಇವೆರಡರ ನಡುವೆ ಹಬ್ಬಿರುವುದು ಅಡಿಕೆ ತೋಟ. ಬೈಕಿನಿಂದ ಬಿದ್ದವನಿಗೂ ಮರದಿಂದ ಬಿದ್ದವನಿಗೂ ಆಸ್ಪತ್ರೆಯಲ್ಲಿ ನಡೆಯುವುದು ಒಂದೇ ಸ್ಕ್ಯಾನ್, ಒಂದೇ ಬಗೆಯ ಶಸ್ತ್ರಕ್ರಿಯೆ. ಕೋರ್ಟಿನ ಬಾಗಿಲಲ್ಲಿ ಮಾತ್ರ ಇಬ್ಬರ ದಾರಿ ಬೇರೆಯಾಗುತ್ತದೆ.

ಮರದ ಕತೆ ಹಳೆಯದು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂದು ತೋರಿಸಿಕೊಟ್ಟರು. ಬೆಳೆ ಉಳಿಯಿತು. ಆದರೆ ಆ ಮದ್ದು ಬಿಡಬೇಕಾದ್ದು ಮಳೆಗಾಲದಲ್ಲಿ, ಪಾಚಿಗಟ್ಟಿ ಜಾರುವ ಮರದ ತುದಿಯಲ್ಲಿ. ಕಾಲಿಗೆ ತಳೆ ಎಂಬ ಕುಣಿಕೆ, ಕೈಯಲ್ಲಿ ಮದ್ದಿನ ಪೈಪು. ಕೆಳಗೊಬ್ಬ ಪಂಪು ಒತ್ತುತ್ತಿರುತ್ತಾನೆ. ಒಂದು ಮರ ಮುಗಿದರೆ ಇಳಿಯುವುದಿಲ್ಲ, ಅದನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಕಸುಬಿನ ಜಾಣ್ಮೆ ಇರುವುದು ಅಲ್ಲೇ, ಅಪಾಯವೂ ಅಲ್ಲೇ. ಕೊಳೆರೋಗದ ಬಗ್ಗೆ ತಲೆಕೆಡಿಸಿಕೊಂಡಷ್ಟು ಮರ ಹತ್ತುವವನ ತಲೆಯ ಬಗ್ಗೆ ಯಾರೂ ಬಹುಕಾಲ ಕೆಡಿಸಿಕೊಳ್ಳಲಿಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅವರ ಮರ ಹತ್ತುವ ಬೈಕು ದೇಶದ ಕಣ್ಣಿಗೆ ಬಿದ್ದದ್ದು 2019ರಲ್ಲಿ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೊಯ್ಲಿನ ಕೋಲು, ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದೂ ಬಿಡಬಹುದು.

ತಲೆಪೆಟ್ಟಿನ ದೊಡ್ಡ ಮೋಸವೆಂದರೆ ಅದು ಕೆಲವೊಮ್ಮೆ ತಡವಾಗಿ ಕಾಣಿಸಿಕೊಳ್ಳುವುದು. ಬಿದ್ದವನು ಎದ್ದು ಕೂರುತ್ತಾನೆ, ನೀರು ಕೇಳುತ್ತಾನೆ, ‘ಏನೂ ಆಗ್ಲಿಲ್ಲ’ ಎನ್ನುತ್ತಾನೆ. ಆದರೆ ಕಪಾಲದ ಒಳಮಗ್ಗುಲಲ್ಲಿ ರಕ್ತನಾಳ ಹರಿದಿದ್ದರೆ ರಕ್ತ ನಿಧಾನಕ್ಕೆ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿರುತ್ತದೆ. ಗಂಟೆಗಳ ಬಳಿಕ ವಾಂತಿ, ತೂಕಡಿಕೆ, ಆಮೇಲೆ ಪ್ರಜ್ಞೆಯೇ ಇಲ್ಲ. ಪುತ್ತೂರಿನಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 50 ಕಿ.ಮೀ., ಸುಬ್ರಹ್ಮಣ್ಯದಿಂದ ಅದರ ಎರಡರಷ್ಟು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್‌ನ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲಿ.

ಗಾಯದ ತೀವ್ರತೆ ಅಳೆಯಲು ವೈದ್ಯರು ಇಂದಿಗೂ ಬಳಸುವುದು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೋ ಮಾಪನ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರಕ್ಕೆ ಒಟ್ಟು 3ರಿಂದ 15 ಅಂಕ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಗಾಯ ಗಂಭೀರ.

ಬದುಕಿ ಮನೆಗೆ ಬಂದ ಮೇಲಿನದು ಬೇರೆಯೇ ಅಧ್ಯಾಯ. ಅಮೆರಿಕದ ರೈಲ್ವೆ ಕಾರ್ಮಿಕ ಫಿನಿಯಾಸ್ ಗೇಜ್‌ನ ತಲೆಯನ್ನು 1848ರಲ್ಲಿ ಮೂರಡಿಗಿಂತ ಉದ್ದದ ಕಬ್ಬಿಣದ ಸರಳು ತೂರಿಹೋಯಿತು. ಆತ ಬದುಕಿದ, ನಡೆದಾಡಿದ. ಆದರೆ ಇವನು ಆ ಹಳೆಯ ಗೇಜ್ ಅಲ್ಲ ಎಂದರು ಗೆಳೆಯರು. ‘ಅವ ಮೊದಲಿನ ಹಾಗಿಲ್ಲ’ ಎಂದು ನಮ್ಮ ಮನೆಗಳಲ್ಲಿ ಹೇಳುವುದೂ ಇದನ್ನೇ. ಸಣ್ಣದಕ್ಕೆಲ್ಲ ಸಿಟ್ಟು, ಮರೆವು, ವಾಸನೆ ತಿಳಿಯದಿರುವುದು, ತಿಂಗಳುಗಳ ಬಳಿಕ ಬರುವ ಅಪಸ್ಮಾರ. ಕೈಕಾಲು ನೆಟ್ಟಗಿರುವುದರಿಂದ ಹೊರಗಿನವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ.

ಕಾನೂನಿಗೂ ಬಹುಕಾಲ ಹಾಗೇ ಕಂಡಿತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಶೇ 30, ತೋರುಬೆರಳು ಹೋದರೆ ಶೇ 14 ಎಂದು ಲೆಕ್ಕವಿತ್ತು. ನೆನಪು ಹೋದರೆ ಎಷ್ಟೆಂದು ಇರಲಿಲ್ಲ. ಪಟ್ಟಿಯಲ್ಲಿಲ್ಲದ ಗಾಯಕ್ಕೆ ಗಳಿಕೆಯ ಶಕ್ತಿ ಎಷ್ಟು ಕುಂದಿತೆಂದು ವೈದ್ಯರೇ ಅಂದಾಜು ಹೇಳಬೇಕಿತ್ತು.

ರಸ್ತೆಯ ಕಾನೂನು ಬೇಗ ಬೆಳೆಯಿತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿಯಾದದ್ದು 1956ರ ತಿದ್ದುಪಡಿಯಿಂದ. ಈಗಿರುವುದು 1988ರ ಮೋಟಾರು ವಾಹನ ಕಾಯ್ದೆ. ಈ ಸೀಮೆಯವರ ಅರ್ಜಿಗಳು ಪುತ್ತೂರಿನ ನ್ಯಾಯಾಲಯದಲ್ಲೂ ವಿಚಾರಣೆಗೆ ಬರುತ್ತವೆ. ವೈದ್ಯರು ಹೇಳಿದ ಶೇಕಡಾವಾರು ಅಂಗವೈಕಲ್ಯವನ್ನಷ್ಟೇ ನೋಡದೆ, ಆ ಮನುಷ್ಯ ತನ್ನ ಕಸುಬು ಮಾಡಬಲ್ಲನೇ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ತೀರ್ಪಿನಲ್ಲಿ ಹೇಳಿತು. ಹರಿಯಾಣದ ಬಾಲಕಿಯೊಬ್ಬಳ ತಲೆಪೆಟ್ಟಿನ ಪ್ರಕರಣದಲ್ಲಿ 2020ರಲ್ಲಿ ಆಕೆಯ ಆರೈಕೆಗೆ ಬೇಕಾದ ಸಹಾಯಕರ ಸಂಬಳವನ್ನೂ ಸೇರಿಸಿ 62 ಲಕ್ಷ ರೂಪಾಯಿಗೂ ಮಿಕ್ಕಿ ಪರಿಹಾರ ಕೊಟ್ಟಿತು. ಕರ್ನಾಟಕ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದ, ಮಿದುಳಿನ ಗಾಯದಿಂದ ಹಾಸಿಗೆ ಹಿಡಿದ ಯುವಕನ ಪ್ರಕರಣದಲ್ಲಿ 2022ರಲ್ಲಿ ಪರಿಹಾರದ ಮೊತ್ತ 1.41 ಕೋಟಿ ದಾಟಿತು.

ಪ್ರಜ್ಞೆಯಿಲ್ಲದವರ ಪರವಾಗಿ ಮನೆಯವರು ಅರ್ಜಿ ಹಾಕಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ವಕೀಲರ ನೆರವು ಉಚಿತ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವು ಹಾಕಿತು, 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಗಾಯಾಳು ತನ್ನ ಹೆಸರು ನೆನಪಿಸಿಕೊಳ್ಳಲೇ ಆರು ತಿಂಗಳು ಹಿಡಿಯುವ ಗಾಯಕ್ಕೆ ಇದು ನಿರ್ದಯ ನಿಯಮ. ಗಡುವು ಮೀರಿತೆಂದು ಅರ್ಜಿ ವಜಾ ಮಾಡದಂತೆ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿದೆ; ಆದರೂ ಅವಧಿಯೊಳಗೆ ಹಾಕುವುದೇ ಕ್ಷೇಮ.

ಮರದಿಂದ ಬಿದ್ದವನಿಗೆ ಈ ಯಾವ ಮಂಡಳಿಯೂ ಇಲ್ಲ. ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರದು. ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಪರಿಹಾರ ಕೇಳಬೇಕಾದರೆ ತೋಟದವರು ತನ್ನ ಮಾಲೀಕರೆಂದು ಅವನೇ ತೋರಿಸಿಕೊಡಬೇಕು. ತನ್ನದೇ ತೋಟದ ಮರ ಹತ್ತಿದ ಸಣ್ಣ ಕೃಷಿಕನಿಗೆ ಕೇಳಲೂ ಯಾರಿಲ್ಲ. ಅವನಿಗೆ ಉಳಿಯುವುದು ವಿಮೆ. ಅನೇಕರ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಸಾವಿಗೆ 2 ಲಕ್ಷ ಕೊಡುತ್ತದೆ. ಅಂಗವೈಕಲ್ಯಕ್ಕೆ ಅದು ಲೆಕ್ಕ ಹಿಡಿಯುವುದು ಕಣ್ಣು, ಕೈ, ಕಾಲುಗಳನ್ನು ಮಾತ್ರ.