ಸತ್ಯ ಪರಿಶೀಲನೆ: ಕಾರಿನ ಟೈಮಿಂಗ್ ಬೆಲ್ಟ್ ಮನೆಯಲ್ಲೇ ಬದಲಿಸಬಹುದೇ?

ಸಾರಾಂಶ

ಹಳೆ ಬೆಲ್ಟ್ ಮೇಲಿನ ಗುರುತನ್ನು ಹೊಸದಕ್ಕೂ ಹಾಕಿ ಕೂರಿಸಿದರೆ ಸಾಕು, ಟೈಮಿಂಗ್ ಬೆಲ್ಟ್ ಕೆಲಸ ಮನೆಯಂಗಳದಲ್ಲೇ ಮುಗಿಯುತ್ತದೆ ಎಂಬ ಸಲಹೆ ಮೊಬೈಲ್‌ಗಳಲ್ಲಿ ಓಡಾಡುತ್ತದೆ. ನಾವು ಪರಿಶೀಲಿಸಿದಾಗ ಇದು ಅರ್ಧ ಸತ್ಯ ಎಂದು ಕಂಡುಬಂದಿದೆ.

ಸಲಹೆ ಯಾಕೆ ಇಷ್ಟವಾಗುತ್ತದೆ?

ತುಳಸಿಗೇರಿಯಂಥ ಊರಿನಲ್ಲಿ ಕಾರಿಗೆ ದೊಡ್ಡ ಕೆಲಸ ಬಂದರೆ ಬಾಗಲಕೋಟೆಗೆ ಒಯ್ಯಬೇಕು. ಖರ್ಚೂ ಹೌದು, ಒಂದು ದಿನದ ದುಡಿಮೆಯೂ ಹೋಯಿತು. ಹಾಗಾಗಿ "ನಾವೇ ಮಾಡಿಕೊಳ್ಳೋಣ" ಅನ್ನಿಸುವುದು ಸಹಜ.

ಟೈಮಿಂಗ್ ಬೆಲ್ಟ್ ಏನು ಮಾಡುತ್ತದೆ?

ಇದು ಹಲ್ಲುಗಳಿರುವ ರಬ್ಬರ್ ಪಟ್ಟಿ. ಕ್ರ್ಯಾಂಕ್‌ಶಾಫ್ಟ್ 2 ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಸರಿಯಾಗಿ 1 ಸುತ್ತು ತಿರುಗುವಂತೆ ನೋಡಿಕೊಳ್ಳುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಬೆಲ್ಟ್ ಹರಿದರೆ ಅಥವಾ ಹಲ್ಲು ತಪ್ಪಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗಿದರೆ ಹೆಡ್ ಬಿಚ್ಚಲೇಬೇಕು. ಉಳಿಸಿದ ಹಣದ ಹಲವು ಪಟ್ಟು ಆಗ ಖರ್ಚಾಗುತ್ತದೆ.

ಎಲ್ಲ ಕಾರುಗಳಲ್ಲೂ ಬೆಲ್ಟ್ ಇರುತ್ತದೆಯೇ?

ಇಲ್ಲ. ಮಾರುತಿ 800, ಓಮ್ನಿ, ಹಳೆ ಸ್ಯಾಂಟ್ರೋ, ಇಂಡಿಕಾ ಡೀಸೆಲ್, ಡಸ್ಟರ್ ಡೀಸೆಲ್ ಕಾರುಗಳಲ್ಲಿ ಬೆಲ್ಟ್ ಇದೆ. ಸ್ವಿಫ್ಟ್‌ನ 1.2 ಲೀಟರ್ ಕೆ ಸೀರೀಸ್ ಪೆಟ್ರೋಲ್ ಎಂಜಿನ್‌ನಲ್ಲಿ ಚೈನ್ ಇದೆ.

ಬಾನೆಟ್ ತೆರೆದಾಗ ಹೊರಗೆ ಕಾಣುವುದು ಫ್ಯಾನ್ ಬೆಲ್ಟ್. ಸ್ಟಾರ್ಟ್ ಮಾಡುವಾಗ "ಕೀಂಯ್" ಅನ್ನುವುದು ಸಾಮಾನ್ಯವಾಗಿ ಅದೇ. ಟೈಮಿಂಗ್ ಬೆಲ್ಟ್ ಕವರ್ ಒಳಗೆ ಇರುತ್ತದೆ. ಬಹಳ ಸಲ ಸದ್ದಿಲ್ಲದೆ ಹರಿಯುತ್ತದೆ.

ಗುರುತು ನಕಲು ಮಾಡಿದರೆ ಸಾಕೇ?

ಸಾಲದು. ಹಳೆ ಬೆಲ್ಟ್ ಮೊದಲೇ ಒಂದು ಹಲ್ಲು ತಪ್ಪಿದ್ದರೆ ಆ ತಪ್ಪೂ ನಕಲಾಗುತ್ತದೆ. ಎಂಜಿನ್ ಮೇಲೆ ಕಂಪನಿಯವರೇ ಕೊಟ್ಟ ಗುರುತುಗಳು ಕೂಡಬೇಕು. ಬೆಲ್ಟ್ ತೆಗೆದ ಕೂಡಲೇ ವಾಲ್ವ್ ಸ್ಪ್ರಿಂಗ್‌ಗಳ ಒತ್ತಡಕ್ಕೆ ಕ್ಯಾಮ್ ತಾನಾಗಿ ಸರಿಯಬಹುದು. ಅದಕ್ಕೇ ಕೆಲವು ಎಂಜಿನ್‌ಗಳಿಗೆ ಲಾಕ್ ಮಾಡುವ ಟೂಲ್ ಬೇಕೇಬೇಕು.

ಮಾಡುವುದೇ ಆದರೆ?

• ಆ ಎಂಜಿನ್ನಿನ ರಿಪೇರಿ ಮ್ಯಾನುಯಲ್, ಟಾರ್ಕ್ ರೆಂಚ್ ಇರಲಿ. ಬ್ಯಾಟರಿ ಸಂಪರ್ಕ ತೆಗೆಯಿರಿ.
• ಬರೀ ಜಾಕ್ ನಂಬಿ ಗಾಡಿಯಡಿ ಹೋಗಬೇಡಿ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಡಿ.
• ಟೆನ್ಷನರ್ ಕೂಡ ಬದಲಿಸಿ. ವಾಟರ್ ಪಂಪ್ ಇದೇ ಬೆಲ್ಟ್‌ನಿಂದ ತಿರುಗುವುದಾದರೆ ಅದನ್ನೂ ಬದಲಿಸುವುದು ಲೇಸು. ಆಯಿಲ್ ಸೋರಿಕೆ ಇದ್ದರೆ ಮೊದಲು ನಿಲ್ಲಿಸಿ. ಆಯಿಲ್ ರಬ್ಬರನ್ನು ಹಾಳುಮಾಡುತ್ತದೆ.
• ಬೆಲ್ಟ್ ಕೂರಿಸಿದ ಮೇಲೆ ಸೆಲ್ಫ್ ಹೊಡೆಯಬೇಡಿ. ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಿಂದ 2 ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡುತ್ತದೆಯೇ ನೋಡಿ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ.

ಯಾವಾಗ ಬದಲಿಸಬೇಕು?

ಅನೇಕ ಕಾರುಗಳಲ್ಲಿ 60,000ದಿಂದ 1,00,000 ಕಿ.ಮೀ. ಒಳಗೆ. ನಿಮ್ಮ ಕಾರಿನ ಲೆಕ್ಕ ಮಾಲೀಕರ ಕೈಪಿಡಿಯಲ್ಲಿದೆ. ಕಡಿಮೆ ಓಡಿದ ಕಾರಿಗೂ ವರ್ಷದ ಮಿತಿ ಇರುತ್ತದೆ. ನಿಂತಲ್ಲೇ ರಬ್ಬರ್ ಹಳತಾಗುತ್ತದೆ. ನಮ್ಮ ಕಡೆಯ ಬಿಸಿಲು, ಧೂಳೂ ಅದಕ್ಕೆ ಒಳ್ಳೆಯದಲ್ಲ. ಓಡುವಾಗಲೇ ಬೆಲ್ಟ್ ಹರಿದು ಎಂಜಿನ್ ನಿಂತರೆ ಬ್ರೇಕ್, ಸ್ಟೀರಿಂಗ್ ಬಿಗಿಯಾಗಬಹುದು. ಗಾಡಿಯನ್ನು ಪಕ್ಕಕ್ಕೆ ತನ್ನಿ, ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ತೀರ್ಮಾನ

ಅನುಭವ, ಸರಿಯಾದ ಟೂಲ್, ಮ್ಯಾನುಯಲ್ ಇದ್ದವರು ಮನೆಯಲ್ಲಿ ಮಾಡಬಹುದು. ಬರೀ ವಿಡಿಯೊ ನೋಡಿ ಮಾಡುವ ಕೆಲಸವಲ್ಲ. ಈ ಸಲಹೆ ನಿಮ್ಮ ಗ್ರೂಪ್‌ಗೆ ಬಂದರೆ, ಮುಂದಕ್ಕೆ ಕಳಿಸುವಾಗ ಇದನ್ನೂ ಜೊತೆಗೆ ಕಳಿಸಿ.